ಅರವತ್ತಕ್ಕೆ ಅರಳುಮರುಳೇ? ಕಲಿಯುವ ಮೆದುಳಿನ ಚರಿತ್ರೆ

ಕನ್ನಡದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವ ಎರಡು ಮಾತುಗಳಿವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಒಂದು. ‘ಅರವತ್ತಕ್ಕೆ ಅರಳುಮರುಳು’ ಎಂಬುದು ಇನ್ನೊಂದು. ಚಿಕ್ಕಂದಿನಲ್ಲಿ ಕಲಿಯದವರು ಮುಂದೆ ಕಲಿಯಲಾರರು ಎಂದು ಮೊದಲನೆಯದು ಹೇಳಿದರೆ, ಕಲಿತದ್ದೂ ಅರವತ್ತು ದಾಟಿದ ಮೇಲೆ ಉಳಿಯುವುದಿಲ್ಲ ಎಂದು ಎರಡನೆಯದು ಹೇಳುತ್ತದೆ. ಎರಡೂ ಮಾತುಗಳನ್ನು ನಾವು ತಮಾಷೆಗೆ ಬಳಸುತ್ತೇವೆ. ಆದರೆ ಇವುಗಳ ಪರಿಣಾಮ ತಮಾಷೆಯದ್ದಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳೊಬ್ಬಳು ನಲವತ್ತರ ವಯಸ್ಸಿನಲ್ಲಿ ಪುಸ್ತಕ ಹಿಡಿದರೆ ‘ಈಗ ಯಾಕೆ ನಿನಗೆ?’ ಎಂದು ಕೇಳುವವರು ಮನೆಯಲ್ಲೇ ಇರುತ್ತಾರೆ. ಎಪ್ಪತ್ತರ ಅಜ್ಜಿ ಒಲೆಯ ಮೇಲೆ ಹಾಲಿಟ್ಟು ಮರೆತರೆ ವೈದ್ಯರ ಬಳಿಗೆ ಕರೆದೊಯ್ಯುವ ಬದಲು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ.

ವರಕವಿ ದ.ರಾ. ಬೇಂದ್ರೆಯವರು ಈ ಎರಡನೆಯ ಮಾತನ್ನು ಸ್ವಲ್ಪ ತಿರುಗಿಸಿ ತಮ್ಮ ಸಂಕಲನಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು. ಮರುಳು ಹೋಗಿ ಮರಳಿ ಅರಳುವ ಅರ್ಥ ಬಂತು. 1958ರಲ್ಲಿ ಆ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಬೇಂದ್ರೆಯವರಿಗೆ ಅರವತ್ತು ದಾಟಿತ್ತು. ಮನೆಮಾತು ಮರಾಠಿಯಾಗಿದ್ದ ಅವರು ಕನ್ನಡದ ದೊಡ್ಡ ಕವಿಯಾದದ್ದಲ್ಲದೆ, ಮುಪ್ಪಿನ ವರ್ಷಗಳಲ್ಲಿ ಸಂಖ್ಯೆಗಳ ಅಧ್ಯಯನದಲ್ಲಿ ಮುಳುಗಿದ್ದರು. ಕವಿ ಪದದ ಆಟದಲ್ಲಿ ಹೇಳಿದ್ದನ್ನು ವಿಜ್ಞಾನ ಒಪ್ಪಿಕೊಳ್ಳಲು ಇನ್ನೂ ಕೆಲವು ದಶಕ ಬೇಕಾಯಿತು. ಆ ಕಥೆಯಲ್ಲಿ ಕನ್ನಡ ನಾಡಿಗೂ, ನಮ್ಮ ಹಳ್ಳಿಗಳ ಅಕ್ಷರ ಬಾರದ ಜನರಿಗೂ ಒಂದು ಪಾಲಿದೆ.

ಮುಪ್ಪು ಬೇರೆ, ರೋಗ ಬೇರೆ

1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಜೈಮರ್ ಅವರು ಒಬ್ಬ ಮಹಿಳಾ ರೋಗಿಯ ಮೆದುಳನ್ನು ಆಕೆಯ ಮರಣಾನಂತರ ಪರೀಕ್ಷಿಸಿ ಅಸಾಮಾನ್ಯವಾದ ಗಂಟುಗಳನ್ನೂ ಕಲೆಗಳನ್ನೂ ಕಂಡುದಾಗಿ ವರದಿ ಮಾಡಿದರು. ಮರೆವಿನ ಕಾಯಿಲೆ ಮುಪ್ಪಿನ ಸಹಜ ಫಲವಲ್ಲ, ಅದೊಂದು ರೋಗ ಎಂಬ ತಿಳಿವಳಿಕೆಗೆ ಅದು ಅಡಿಗಲ್ಲಾಯಿತು. ಅದೇ ವರ್ಷ ನೊಬೆಲ್ ಪ್ರಶಸ್ತಿ ಪಡೆದ ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಹಾಲ್ ಅವರು ನರಕೋಶಗಳ ರಚನೆಯನ್ನು ಜಗತ್ತಿಗೆ ತೋರಿಸಿಕೊಟ್ಟವರು. ಆದರೆ ಬೆಳೆದ ಮನುಷ್ಯನ ಮೆದುಳಿನ ನರಮಾರ್ಗಗಳು ಸ್ಥಿರವಾದವು, ಅಲ್ಲಿ ಸಾಯುವುದುಂಟು, ಹೊಸದಾಗಿ ಹುಟ್ಟುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅವರ ಹಿರಿಮೆಯಿಂದಾಗಿ ಆ ಅಭಿಪ್ರಾಯ ಬಹುಕಾಲ ಬಾಳಿತು. ಮರ ಬಗ್ಗದು ಎಂಬ ನಮ್ಮ ಗಾದೆಗೆ ವಿಜ್ಞಾನದ ಮುದ್ರೆಯೂ ಬಿದ್ದಂತಾಯಿತು.

ಆ ನಂಬಿಕೆಯನ್ನು ಅಲುಗಾಡಿಸಿದ ಒಂದು ಅಧ್ಯಯನ ಬಂದದ್ದು 1988ರಲ್ಲಿ. ಅಮೆರಿಕದ ನರವೈದ್ಯ ರಾಬರ್ಟ್ ಕ್ಯಾಟ್ಜ್‌ಮನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿ ತೀರಿಕೊಂಡ 137 ಮಂದಿಯ ಮೆದುಳುಗಳನ್ನು ಪರೀಕ್ಷಿಸಿದರು. ಅವರಲ್ಲಿ ಹತ್ತು ಮಂದಿಯ ಮೆದುಳಿನಲ್ಲಿ ಆಲ್ಜೈಮರ್ ರೋಗದ ಗುರುತುಗಳು ಧಾರಾಳವಾಗಿದ್ದವು. ಆದರೆ ಬದುಕಿದ್ದಾಗ ಅವರ ಬುದ್ಧಿ ಚುರುಕಾಗಿಯೇ ಇತ್ತು! ಅದೇ ದಶಕದಲ್ಲಿ ಡೇವಿಡ್ ಸ್ನೋಡನ್ ಅವರು 678 ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಆರಂಭಿಸಿದರು. ಅಲ್ಲಿಯೂ ಒಬ್ಬ ಸನ್ಯಾಸಿನಿ 101ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದರು. ಅವರ ಮೆದುಳಿನಲ್ಲೂ ರೋಗದ ಗುರುತುಗಳು ತುಂಬಿದ್ದವು. ರೋಗವಿದ್ದೂ ಅದರ ಲಕ್ಷಣ ಹೊರಗೆ ಕಾಣದಿರುವುದು ಹೇಗೆ? ಇದಕ್ಕೆ ವಿಜ್ಞಾನಿಗಳು ಕೊಟ್ಟ ಉತ್ತರವೇ ಬುದ್ಧಿಯ ‘ಇಡುಗಂಟು’. ಶಿಕ್ಷಣ, ದುಡಿಮೆ, ಭಾಷೆ, ಹವ್ಯಾಸ, ಜನರೊಡನೆ ಒಡನಾಟ ಇವುಗಳಿಂದ ಮೆದುಳು ಜೀವಮಾನವಿಡೀ ಒಂದಿಷ್ಟು ಕೂಡಿಟ್ಟುಕೊಳ್ಳುತ್ತದೆ. ರೋಗ ಬಂದು ಒಂದು ದಾರಿ ಮುಚ್ಚಿದಾಗ ಅದು ಇನ್ನೊಂದು ದಾರಿಯಲ್ಲಿ ಕೆಲಸ ಸಾಗಿಸುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಲೆನಾಡಿನ ಬೆಟ್ಟಗಳಲ್ಲಿ ಬಿದ್ದ ಮಳೆಯನ್ನು ಬಯಲಿಗೆ ಹಿಡಿದಿಟ್ಟು ಕೊಡುವ ಮದಗದ ಕೆರೆ, ಅಯ್ಯನಕೆರೆಗಳ ನಾಡು ಅದು. ಮಳೆ ಎಲ್ಲರ ಊರಿಗೂ ಒಂದೊಂದು ವರ್ಷ ಕೈಕೊಡುತ್ತದೆ. ಕೆರೆ ತುಂಬಿದ್ದ ಊರು ಬೇಸಿಗೆಯನ್ನು ದಾಟುತ್ತದೆ. ಕೆರೆ ಇಲ್ಲದ ಊರು ಗುಳೆ ಹೋಗುತ್ತದೆ. ಕಲಿಕೆಯೆಂಬುದು ಮೆದುಳಿನ ಕೆರೆ. ಅದು ಬರವನ್ನು ತಡೆಯುವುದಿಲ್ಲ, ಬರದ ಕಾಲವನ್ನು ದಾಟಿಸುತ್ತದೆ.

ಎಮ್ಮೆದೊಡ್ಡಿಯ ಸೀಮೆ ಕಲಿಸುವ ಪಾಠ

ಎಮ್ಮೆದೊಡ್ಡಿ ಕಡೂರು ತಾಲ್ಲೂಕಿನ ಊರು. ಜಾನುವಾರುಗಳ ದೊಡ್ಡಿ ಅದರ ಹೆಸರಿನಲ್ಲೇ ಇದೆ. ಕಡೂರು, ತರೀಕೆರೆ, ಅಜ್ಜಂಪುರದ ಈ ಪ್ರದೇಶ ಅಮೃತ ಮಹಲ್ ಕಾವಲುಗಳ ಸೀಮೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ‘ಬೆಣ್ಣೆ ಚಾವಡಿ’ ಎಂದಿದ್ದ ಅರಸರ ಪಶು ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂಬ ಹೆಸರಿಟ್ಟರು. ಹೈದರಲಿ ಮತ್ತು ಟಿಪ್ಪುವಿನ ಸೈನ್ಯದ ತೋಪುಗಳನ್ನು ವೇಗವಾಗಿ ಎಳೆದದ್ದು ಇದೇ ತಳಿಯ ಎತ್ತುಗಳು. ಇಂದಿಗೂ ಈ ತಳಿಯ ಸಂವರ್ಧನಾ ಕೇಂದ್ರವಿರುವುದು ಅಜ್ಜಂಪುರದಲ್ಲಿ. ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ಹಿಂಡುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊಡೆದುಕೊಂಡು ಹೋಗಲಾಗುತ್ತಿತ್ತು. ಆ ಕೆಲಸ ಮಾಡಿದ ದನಗಾಹಿಗಳು ಶಾಲೆಗೆ ಹೋದವರಲ್ಲ. ಆದರೆ ದಾರಿ, ನೀರು, ಮೇವು, ರೋಗ, ಔಷಧಿ ಇವೆಲ್ಲದರ ಲೆಕ್ಕ ಅವರ ತಲೆಯಲ್ಲಿತ್ತು. ಅಕ್ಷರವಿಲ್ಲದ್ದು ಬೇರೆ, ಕಲಿಕೆಯಿಲ್ಲದ್ದು ಬೇರೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಈ ಸೀಮೆಯ ಇನ್ನೊಂದು ಸಂಪತ್ತು ಭಾಷೆ. ಮುಸ್ಲಿಮರ ಮನೆಗಳಲ್ಲಿ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಕೆಲವು ಮನೆಗಳಲ್ಲಿ ತೆಲುಗು, ತಮಿಳು. ಸಂತೆಗೂ ಹೊಲಕ್ಕೂ ಪಂಚಾಯತಿಗೂ ಎಲ್ಲರದ್ದೂ ಕನ್ನಡ. ಮನೆಯಲ್ಲಿ ಒಂದು ಮಾತು, ಅಂಗಳ ದಾಟಿದೊಡನೆ ಇನ್ನೊಂದು ಮಾತು. ಇದರಲ್ಲಿ ಹೆಚ್ಚುಗಾರಿಕೆ ಇದೆಯೆಂದು ನಾವು ಯಾರೂ ಭಾವಿಸಿದವರಲ್ಲ. ಬದಲಿಗೆ ಮನೆಮಾತು ಉರ್ದು ಆಗಿರುವುದು ಕನ್ನಡಕ್ಕೆ ಅಡ್ಡಿ ಎಂದು ಒಬ್ಬರು, ಕನ್ನಡ ಕಲಿತರೆ ಉರ್ದು ಕೆಡುತ್ತದೆ ಎಂದು ಇನ್ನೊಬ್ಬರು ಆತಂಕಪಟ್ಟದ್ದೇ ಹೆಚ್ಚು.

ಈ ಆತಂಕಕ್ಕೆ ಉತ್ತರ ಬಂದದ್ದು ಹೈದರಾಬಾದಿನಿಂದ. ನರವೈದ್ಯೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆಗಳನ್ನು ಅಧ್ಯಯನ ಮಾಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ತೆಲುಗು, ದಖನಿ, ಹಿಂದಿ, ಇಂಗ್ಲಿಷ್ ಆಡುವವರು ಬೆರೆತಿರುವ ನಗರ ಅದು. ಒಂದೇ ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ 61ನೇ ವಯಸ್ಸಿಗೆ ಕಾಣಿಸಿಕೊಂಡರೆ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದಕ್ಕಿಂತ ಮುಖ್ಯವಾದ ಸಂಗತಿ, ಓದುಬರಹ ಬಾರದ ರೋಗಿಗಳಲ್ಲೂ ಈ ಅಂತರ ಕಂಡುಬಂದಿತ್ತು. ಅಂದರೆ ಇದು ಬರೀ ಶಾಲೆಯ ಪ್ರಭಾವವಲ್ಲ. ಎರಡು ಭಾಷೆಗಳ ನಡುವೆ ದಿನಕ್ಕೆ ನೂರು ಸಲ ಓಡಾಡುವ ಮೆದುಳು ಒಂದನ್ನು ತಡೆದು ಇನ್ನೊಂದನ್ನು ಆರಿಸುವ ವ್ಯಾಯಾಮವನ್ನು ತನಗರಿವಿಲ್ಲದೆ ಮಾಡುತ್ತಿರುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಅದೇ ತಂಡ 2016ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯ ವಿವರ ಪ್ರಕಟಿಸಿತು. ಬುದ್ಧಿಶಕ್ತಿ ಕುಂದದೆ ಉಳಿದವರು ಹಲವು ಭಾಷೆ ಬಲ್ಲವರಲ್ಲಿ ಶೇಕಡಾ 40ರಷ್ಟಿದ್ದರೆ, ಒಂದೇ ಭಾಷೆಯವರಲ್ಲಿ ಶೇಕಡಾ 20ರಷ್ಟಿದ್ದರು. ಎಲ್ಲ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ಕೊಟ್ಟಿಲ್ಲ, ಚರ್ಚೆ ಇನ್ನೂ ನಡೆದಿದೆ. ಆದರೂ ಎರಡು ಭಾಷೆ ಮಗುವಿನ ತಲೆಗೆ ಭಾರ ಎನ್ನುವವರಿಗೆ ಇದು ತಕ್ಕ ಉತ್ತರವೇ ಸರಿ.

ಲಾಟೀನಿನ ಬೆಳಕಿನ ಶಾಲೆಗಳು

ದೊಡ್ಡವರಿಗೂ ಕಲಿಸಬಹುದು ಎಂಬ ನಂಬಿಕೆ ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಕ್ಕಿಂತ ಮೊದಲೇ ಕೆಲಸಕ್ಕೆ ಇಳಿದಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ವಯಸ್ಕರ ಅಕ್ಷರ ತರಗತಿಗಳು, ಸಂಚಾರಿ ಗ್ರಂಥಾಲಯಗಳು ಆರಂಭವಾದವು. 1940ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಹಚ್ಚಿದ ಸಾಕ್ಷರತೆಯ ದೀಪ ಮುಂದೆ ರಾಜ್ಯಮಟ್ಟದ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಹಗಲು ಹೊಲದಲ್ಲಿ ದುಡಿದು ಬಂದವರು ರಾತ್ರಿ ಲಾಟೀನಿನ ಬೆಳಕಿನಲ್ಲಿ ಸ್ಲೇಟು ಹಿಡಿದರು. ಅಕ್ಷರ ಕಲಿತವರು ಮತ್ತೆ ಮರೆಯಬಾರದೆಂದು ಸಮಿತಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ಆರಂಭವಾಯಿತು. ಡೆನ್ಮಾರ್ಕಿನಲ್ಲಿ ಗ್ರುಂಟ್‌ವಿಗ್ (1783–1872) ಎಂಬ ಚಿಂತಕರ ಪ್ರೇರಣೆಯಿಂದ ಹುಟ್ಟಿದ ರೈತರ ಜನತಾ ಶಾಲೆಗಳು ಅದಕ್ಕೆ ಮಾದರಿ. ಪರೀಕ್ಷೆ, ಪದವಿಗಳ ಗೊಡವೆಯಿಲ್ಲದೆ ಹಳ್ಳಿಯ ಯುವಕರು ಒಟ್ಟಿಗೆ ಇದ್ದು ಕಲಿಯುವುದು ಅದರ ಕ್ರಮ. 1990ರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆದಾಗ ಬೀಡಿ ಕಟ್ಟುವ ಹೆಂಗಸರು, ಕೂಲಿಕಾರರು, ಮೀನು ಮಾರುವವರು ತರಗತಿಗಳಿಗೆ ಬಂದರು.

ಇವರಲ್ಲಿ ಯಾರೂ ಮೆದುಳಿನ ಆರೋಗ್ಯಕ್ಕಾಗಿ ಕಲಿಯಲು ಬಂದವರಲ್ಲ. ಬಸ್ಸಿನ ಬೋರ್ಡು ಓದಬೇಕು, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕಬೇಕು, ಗಲ್ಫಿನಲ್ಲಿರುವ ಮಗನ ಪತ್ರವನ್ನು ಬೇರೆಯವರ ಕೈಗೆ ಕೊಡದೆ ತಾನೇ ಓದಬೇಕು ಎಂಬ ಆಸೆ ಅವರದು. ಆದರೆ ಆ ಸ್ಲೇಟು ತಲೆಯೊಳಗೆ ಏನು ಮಾಡುತ್ತಿತ್ತು ಎಂಬುದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಿಂದ ತಿಳಿದುಬಂತು. ಉತ್ತರ ಪ್ರದೇಶದ ಲಕ್ನೋ ಸಮೀಪದ ಹಳ್ಳಿಗಳಲ್ಲಿ ಓದುಬರಹ ಬಾರದ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು, ಆರು ತಿಂಗಳ ಕಾಲ ದೇವನಾಗರಿ ಅಕ್ಷರಗಳನ್ನು ಕಲಿಸಲಾಯಿತು. ಕಲಿಯುವ ಮೊದಲು ಮತ್ತು ನಂತರ ಅವರ ಮೆದುಳನ್ನು ಸ್ಕ್ಯಾನ್ ಮಾಡಲಾಯಿತು. ಬದಲಾವಣೆ ಮೆದುಳಿನ ಮೇಲ್ಪದರದಲ್ಲಷ್ಟೇ ಅಲ್ಲ, ಬಹು ಆಳದಲ್ಲಿರುವ ಭಾಗಗಳು ದೃಷ್ಟಿಯ ಕೇಂದ್ರದೊಡನೆ ಹೊಂದಿಕೊಂಡು ಕೆಲಸ ಮಾಡುವ ರೀತಿಯಲ್ಲೂ ಕಂಡುಬಂತು. ಮೂವತ್ತು ದಾಟಿದವರ ಮೆದುಳು ಆರೇ ತಿಂಗಳಲ್ಲಿ ಹೊಸ ಕೆಲಸಕ್ಕೆ ತನ್ನನ್ನು ಹೊಂದಿಸಿಕೊಂಡಿತ್ತು. ಮರ ಬಗ್ಗಿತ್ತು!

ತಡವಾಗಿ ಕಲಿತವರು

ಇತಿಹಾಸದಲ್ಲಿ ಇಂತಹ ಮರಗಳು ಅನೇಕ. ಕ್ರಿ.ಶ. 973ರಲ್ಲಿ ಹುಟ್ಟಿದ ಅಲ್‌ಬಿರೂನಿ ಆಗಲೇ ಹೆಸರಾಂತ ಗಣಿತಜ್ಞ, ಖಗೋಳ ವಿಜ್ಞಾನಿ. ಭಾರತದ ಪರಿಚಯವಾದಾಗ ನಲವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರು ಪಂಡಿತರ ಮುಂದೆ ಕುಳಿತು ಸಂಸ್ಕೃತ ಕಲಿತರು, ಅದು ಬಹಳ ಕಷ್ಟದ ಭಾಷೆಯೆಂದು ಹೇಳಿಕೊಂಡರು, 1030ರ ಸುಮಾರಿಗೆ ಭಾರತದ ಕುರಿತ ತಮ್ಮ ಮಹಾಕೃತಿಯನ್ನು ಮುಗಿಸಿದರು. ಮರಣಶಯ್ಯೆಯಲ್ಲಿದ್ದಾಗ ನೋಡಲು ಬಂದ ಮಿತ್ರರೊಬ್ಬರ ಬಳಿ ಉತ್ತರಾಧಿಕಾರ ಕಾನೂನಿನ ಒಂದು ಸಮಸ್ಯೆಯನ್ನು ಕೇಳಿ ತಿಳಿದುಕೊಂಡರೆಂದೂ, ಈ ಸ್ಥಿತಿಯಲ್ಲಿ ಯಾಕೆ ಎಂದದ್ದಕ್ಕೆ ಅರಿಯದೆ ಹೋಗುವುದಕ್ಕಿಂತ ಅರಿತು ಹೋಗುವುದು ಲೇಸಲ್ಲವೇ ಎಂಬ ಅರ್ಥದ ಮಾತು ಹೇಳಿದರೆಂದೂ ಯಾಕೂತ್ ಎಂಬ ಚರಿತ್ರೆಕಾರರು ದಾಖಲಿಸಿದ್ದಾರೆ.

ನಮ್ಮ ನಾಡಿನಲ್ಲೇ ನೋಡಿದರೆ, ಸಕಲೇಶಪುರದ ಎಸ್.ಕೆ. ಕರೀಂಖಾನ್ ಅವರು ಊರೂರು ಅಲೆದು ಹಳ್ಳಿಗರ ಬಾಯಿಂದ ಹಾಡು ಕಲಿತು, ಕಲಿತದ್ದನ್ನು ಹಾಡಿ ‘ಜಾನಪದ ಜಂಗಮ’ ಎನಿಸಿಕೊಂಡರು. 2006ರಲ್ಲಿ ನಿಧನರಾದಾಗ ಅವರಿಗೆ ತೊಂಬತ್ತೈದು ದಾಟಿತ್ತು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮನೆಮಾತು ಮಲಯಾಳಂ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮದುವೆಯೊಂದಿಗೆ ಓದು ನಿಂತಿತು, ಓದುವ ಹಂಬಲ ನಿಲ್ಲಲಿಲ್ಲ. ಗ್ರಂಥಾಲಯದ ಪುಸ್ತಕಗಳೇ ಅವರ ಕಾಲೇಜಾದವು. 1981ರಲ್ಲಿ, ಅಂದರೆ ನಲವತ್ತೈದರ ವಯಸ್ಸಿನಲ್ಲಿ, ಅವರ ಮೊದಲ ಬರಹ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂತು. ‘ಚಂದ್ರಗಿರಿಯ ತೀರದಲ್ಲಿ’ ಬಂದದ್ದು ಆ ಬಳಿಕ. 2023ರಲ್ಲಿ ತೀರಿಕೊಳ್ಳುವವರೆಗಿನ ನಾಲ್ಕು ದಶಕಗಳ ಅವರ ಸಾಹಿತ್ಯವೆಲ್ಲ ಗಾದೆಯ ಪ್ರಕಾರ ‘ಬಗ್ಗದ ಮರ’ದ ಫಲ.

ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿ 2021ರಲ್ಲಿ, 107 ತುಂಬಿದ ಮೇಲೆ ನಿಧನರಾದರು. ‘ಪ್ರಜಾವಾಣಿ’ಯಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರಿಸುವ ‘ಇಗೋ ಕನ್ನಡ’ ಅಂಕಣ 1991ರಲ್ಲಿ ಆರಂಭವಾದಾಗ ಅವರಿಗೆ ಎಪ್ಪತ್ತೇಳು. ನಿವೃತ್ತಿಯ ವಯಸ್ಸಿನ ಬಹಳ ನಂತರ, ವಾರ ವಾರವೂ ಹೊಸ ಪ್ರಶ್ನೆ, ಹೊಸ ಹುಡುಕಾಟ. ಇವರೆಲ್ಲರ ದೀರ್ಘಾಯುಷ್ಯಕ್ಕೆ ಕಲಿಕೆಯೇ ಕಾರಣ ಎಂದು ಹೇಳಲಾಗದು. ಆದರೆ ಆಯುಷ್ಯವನ್ನು ಕಲಿಕೆಯಿಂದ ತುಂಬಬಹುದೆಂಬುದಕ್ಕೆ ಇವರು ಸಾಕ್ಷಿ.

ಔಷಧಿಯಲ್ಲ, ಆದರೆ ಹಕ್ಕು

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಹೊಸದನ್ನು ಕಲಿಯುತ್ತಿದ್ದರೆ ಮರೆವಿನ ಕಾಯಿಲೆ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಹಾ ವಿದ್ವಾಂಸರಿಗೂ ಈ ಕಾಯಿಲೆ ಬಂದಿದೆ. ಬಂದವರನ್ನು ‘ಮೆದುಳಿಗೆ ಕೆಲಸ ಕೊಡಲಿಲ್ಲ’ ಎಂದು ದೂರುವುದು ಕ್ರೌರ್ಯ. ಮೊಬೈಲಿನಲ್ಲಿ ಆಡುವ ಬುದ್ಧಿಯಾಟಗಳು ಮರೆವನ್ನು ತಡೆಯುತ್ತವೆ ಎಂದು ಜಾಹೀರಾತು ಕೊಟ್ಟ ಅಮೆರಿಕದ ಕಂಪನಿಯೊಂದು ಅದಕ್ಕೆ ತಕ್ಕ ಆಧಾರ ಒದಗಿಸಲಾಗದೆ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು. ಒಂದೇ ಆಟವನ್ನು ದಿನವೂ ಆಡಿದರೆ ಆ ಆಟದಲ್ಲಿ ಚುರುಕಾಗುತ್ತೇವೆ, ಅಷ್ಟೆ. ಬದಲಿಗೆ, ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವಯಸ್ಸಾದವರಿಗೆ ಸುಮಾರು ಮೂರು ತಿಂಗಳು ಛಾಯಾಗ್ರಹಣ, ಕೌದಿ ಹೊಲಿಗೆಯಂತಹ ಹೊಸ ಕೌಶಲಗಳನ್ನು ಕಲಿಸಿದಾಗ ಅವರ ನೆನಪಿನ ಶಕ್ತಿಯಲ್ಲಿ ಸುಧಾರಣೆ ಕಂಡಿತು. ಗೊತ್ತಿದ್ದ ಕೆಲಸವನ್ನೇ ಮಾಡಿಕೊಂಡು ಹರಟುತ್ತ ಕಾಲ ಕಳೆದವರಲ್ಲಿ ಆ ಪ್ರಮಾಣದ ಸುಧಾರಣೆ ಕಾಣಲಿಲ್ಲ. ಕಲಿಕೆ ಹೊಸದಾಗಿರಬೇಕು, ಸ್ವಲ್ಪ ಕಷ್ಟವಾಗಿರಬೇಕು, ಬಿಡದೆ ನಡೆಯಬೇಕು.

ಮೆದುಳಿನ ಆರೋಗ್ಯ ಕಲಿಕೆಯೊಂದರಿಂದಲೇ ಆಗುವಂಥದ್ದೂ ಅಲ್ಲ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಹದಿನಾಲ್ಕು ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಬಾಲ್ಯದಲ್ಲಿ ಶಿಕ್ಷಣ ಸಿಗದಿರುವುದು, ಕಿವಿ ಮಂದವಾಗುವುದು, ಚಿಕಿತ್ಸೆಯಿಲ್ಲದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಧೂಮಪಾನ, ಒಂಟಿತನ ಮೊದಲಾದವು ಅದರಲ್ಲಿವೆ. ಇವನ್ನೆಲ್ಲ ಸರಿಪಡಿಸಲು ಸಾಧ್ಯವಾದರೆ ಮರೆವಿನ ಕಾಯಿಲೆಯ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅವರ ಅಂದಾಜು. ಪಟ್ಟಿಯ ಮೊದಲಿಗೇ ಶಿಕ್ಷಣವಿದೆ ಎಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು ಶೇಕಡಾ 7.4 ಮಂದಿ, ಅಂದರೆ 88 ಲಕ್ಷ ಜನ, ಮರೆವಿನ ಕಾಯಿಲೆಯಿಂದ ಬಳಲುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಲೆಕ್ಕಹಾಕಿತು. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರ ಆರೋಗ್ಯವನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡುವ ದೀರ್ಘಾವಧಿ ಅಧ್ಯಯನ ನಡೆಸುತ್ತಿರುವುದು ಈ ಕಾರಣಕ್ಕಾಗಿಯೇ. ಪಶ್ಚಿಮದ ನಗರವಾಸಿಗಳ ಲೆಕ್ಕ ನಮ್ಮ ಹಳ್ಳಿಗರಿಗೆ ಸಲ್ಲುವುದಿಲ್ಲ.

ಈ ಅಂಕಿಗಳ ಹಿಂದೆ ಒಂದು ಹಳೆಯ ಅನ್ಯಾಯವಿದೆ. ಇಂದು ಎಪ್ಪತ್ತು ಎಂಬತ್ತು ದಾಟಿರುವ ಹೆಂಗಸರು ಶಾಲೆಗೆ ಹೋಗಬೇಕಾಗಿದ್ದ ಕಾಲದಲ್ಲಿ ಅವರ ಕೈಗೆ ಪುಸ್ತಕದ ಬದಲು ತಂಗಿ ತಮ್ಮಂದಿರನ್ನು ಕೊಡಲಾಯಿತು. 2001ರಲ್ಲೂ ಕರ್ನಾಟಕದಲ್ಲಿ ಗಂಡಸರ ಸಾಕ್ಷರತೆ ಶೇಕಡಾ 76 ಇದ್ದಾಗ ಹೆಂಗಸರದ್ದು 57 ಮಾತ್ರ. ಹುಡುಗಿಯನ್ನು ಶಾಲೆಯಿಂದ ಬಿಡಿಸಿದ ಮನೆಯವರು ಅವಳ ನೌಕರಿಯನ್ನಷ್ಟೇ ಕಸಿದುಕೊಂಡೆವು ಎಂದು ತಿಳಿದಿರಬಹುದು. ಅರವತ್ತು ವರ್ಷಗಳ ಬಳಿಕ ಅವಳಿಗೆ ಆಸರೆಯಾಗಬೇಕಿದ್ದ ಇಡುಗಂಟಿನ ಒಂದು ಪಾಲನ್ನೂ ಅವರು ಕಸಿದುಕೊಂಡಿದ್ದರು.

ಕಳೆದ ಬಾಲ್ಯವನ್ನು ಮರಳಿ ಕೊಡಲಾಗದು. ಉಳಿದ ವರ್ಷಗಳನ್ನು ಕೊಡಬಹುದು. ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ರಾಜ್ಯದ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಹೆಸರಿನಲ್ಲಿವೆ. ಅವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಮಾತ್ರವಲ್ಲ, ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದುವ ಅಜ್ಜಿಗೂ ಒಂದು ಕುರ್ಚಿ ಇಡಲಿ. ಮಸೀದಿ, ಮಠ, ಚರ್ಚು, ಮಹಿಳಾ ಸಂಘಗಳು ವಾರಕ್ಕೆರಡು ಸಂಜೆಯನ್ನು ದೊಡ್ಡವರ ಕಲಿಕೆಗೆ ಮೀಸಲಿಡಲಿ. ಉರ್ದು ಮಾತ್ರ ಓದಬಲ್ಲ ತಾಯಿಗೆ ಮಗಳು ಕನ್ನಡದ ಅಕ್ಷರ ಕಲಿಸಲಿ. ಕನ್ನಡ ಮಾತ್ರ ಬಲ್ಲ ನೆರೆಯವರು ಪಕ್ಕದ ಮನೆಯ ದಖನಿಯನ್ನೋ ತಾಂಡಾದ ಲಂಬಾಣಿಯನ್ನೋ ನಾಲ್ಕು ಮಾತು ಕಲಿಯಲಿ. ಅದರಿಂದ ಮೆದುಳಿಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಹೊಲಿಗೆ ಬಲ್ಲವರು ಲೆಕ್ಕ ಬರೆಯುವುದನ್ನು ಕಲಿಯಲಿ, ಲೆಕ್ಕ ಬಲ್ಲವರು ಕಸಿ ಕಟ್ಟುವುದನ್ನು ಕಲಿಯಲಿ.

ಇನ್ನೊಂದು ಕೆಲಸ ನಮ್ಮ ನಾಲಗೆಯದು. ಮನೆಯ ಹಿರಿಯರು ಹೆಸರು ಮರೆತರೆ, ದಾರಿ ತಪ್ಪಿದರೆ ‘ಅರಳುಮರುಳು’ ಎಂದು ನಗುವ ಮೊದಲು ಅವರ ಕಿವಿ, ಕಣ್ಣು, ರಕ್ತದೊತ್ತಡ ಪರೀಕ್ಷಿಸಿ ವೈದ್ಯರ ಬಳಿಗೆ ಕರೆದೊಯ್ಯೋಣ. ಅವರು ಹೊಸದಾಗಿ ಏನನ್ನಾದರೂ ಕಲಿಯಲು ಕುಳಿತಾಗ ‘ಈಗ ಯಾಕೆ?’ ಎಂದು ಕೇಳದಿರೋಣ. ಪಕ್ಕದಲ್ಲಿ ಕುಳಿತು ಮೊದಲ ಅಕ್ಷರ ತೋರಿಸುವ ಪುರುಸೊತ್ತು ನಮ್ಮಲ್ಲಿ ಇದ್ದರೆ ಸಾಕು.